ಮಗ್ಗ, ಮಸೀದಿ ಮತ್ತು ಗ್ವಾದಿಯಾನಾ

ಮೆರ್ತೊಲದ ಹಳೆಯ ಪದ್ಧತಿಯ ಕಂಬಳಿಗೆ ಬಣ್ಣದ ಹಂಗಿಲ್ಲ. ಬಿಳಿ ಕುರಿಯ ಉಣ್ಣೆ ಬಿಳಿ, ಕಂದು ಕುರಿಯದು ಕಂದು. ಈ ಎರಡರಲ್ಲೇ ಹಲ್ಲುಹಲ್ಲಾದ ಗೆರೆ, ಮೆಟ್ಟಿಲು, ಚೌಕಗಳೆಲ್ಲ ಮೂಡಬೇಕು. ದಕ್ಷಿಣ ಪೋರ್ಚುಗಲ್ಲಿನ ಅಲೆಂತೆಜು ಸೀಮೆಯ ಈ ಊರಿಗೆ ಬರುವವರು ಸಾಮಾನ್ಯವಾಗಿ ಕೋಟೆ ನೋಡಿ, ಹೊಳೆಯ ಪಟ ತೆಗೆದುಕೊಂಡು ಹೊರಡುತ್ತಾರೆ. ನಾನು ಹೋಗಿದ್ದು ಮಗ್ಗದ ಮನೆ ನೋಡಲೆಂದೇ.

ಕೋಣೆಯೇನೂ ದೊಡ್ಡದಲ್ಲ. ಮರದ ಮಗ್ಗಗಳು, ಬುಟ್ಟಿಯಲ್ಲಿ ಉಂಡೆ ಕಟ್ಟಿದ ನೂಲು, ಗಾಳಿಯಲ್ಲಿ ಕುರಿ ತುಪ್ಪಟದ ಜಿಡ್ಡುವಾಸನೆ. ಇಲ್ಲಿ ನೇಯುವವರು ಹೆಂಗಸರು. ಕತ್ತರಿಸಿದ ಉಣ್ಣೆಯನ್ನು ತೊಳೆದು, ಒಣಗಿಸಿ, ಹಿಂಜಿ, ಕೈಯಿಂದಲೇ ನೂಲುತ್ತಾರೆ. ಮಗ್ಗದ ಮುಂದೆ ಕೂತವರ ಕಾಲು ಹಲಗೆ ತುಳಿಯುತ್ತದೆ, ಲಾಳಿ ಒಂದು ಕೈಯಿಂದ ಇನ್ನೊಂದಕ್ಕೆ ಜಾರುತ್ತದೆ, ಹಣಿಗೆ ಎರಡು ಸಲ ಬಡಿಯುತ್ತದೆ. ಚಿತ್ತಾರ ಬರುವ ಕಡೆ ಮಾತ್ರ ಲಾಳಿ ನಿಲ್ಲುತ್ತದೆ. ಆಗ ಬೆರಳುಗಳೇ ಹಾಸಿನ ಎಳೆ ಎಣಿಸಿ, ಕಂದು ನೂಲನ್ನು ತೂರಿಸಿ, ಹಿಂದಕ್ಕೆ ತರುತ್ತವೆ. ಒಂದು ಎಳೆ ತಪ್ಪಿದರೂ ಮುಂದಿನ ಸಾಲಿನಲ್ಲಿ ಮೆಟ್ಟಿಲು ಮುರಿದು ಕಾಣುತ್ತದೆ. ಎದುರಿಗೆ ನಕ್ಷೆ ಹಿಡಿದ ಕಾಗದವಿಲ್ಲ, ಲೆಕ್ಕವೆಲ್ಲ ತಲೆಯಲ್ಲಿ. ಇಷ್ಟು ನಿಧಾನದ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿದ ಮೇಲೆ ಕಂಬಳಿಯ ಬೆಲೆ ಕೇಳಿ ಹುಬ್ಬೇರಿಸಲು ಮನಸ್ಸಾಗುವುದಿಲ್ಲ.

ಈ ಚಿತ್ತಾರಗಳಿಗೂ ಉತ್ತರ ಆಫ್ರಿಕಾದ ಬರ್ಬರ್ ಹೆಂಗಸರ ನೇಯ್ಗೆಗೂ ಇರುವ ಹೋಲಿಕೆಯನ್ನು ಸಂಶೋಧಕರು ಗುರುತಿಸಿದ್ದಾರೆ. ಇದರಲ್ಲಿ ಅಚ್ಚರಿಪಡುವಂಥದ್ದಿಲ್ಲ, ಎರಡೂ ತೀರಗಳನ್ನು ಬೆಸೆದಿದ್ದು ಇಲ್ಲಿನ ಹೊಳೆಯೇ. ಗ್ವಾದಿಯಾನಾ ಸಮುದ್ರ ಸೇರುವುದು ಸುಮಾರು 70 ಕಿಲೋಮೀಟರ್ ಕೆಳಗೆ. ಆದರೂ ಕಡಲಿನ ಉಬ್ಬರವಿಳಿತ ಮೆರ್ತೊಲದ ತನಕ ತಲುಪುತ್ತದೆ. ಊರಿನಿಂದ ಮೇಲಕ್ಕೆ ಹೋದರೆ ಪುಲು ದು ಲೋಬು ಎಂಬಲ್ಲಿ ಹೊಳೆ ಬಂಡೆಯ ಇರುಕಿನಲ್ಲಿ ಧುಮುಕುತ್ತದೆ, ಅಲ್ಲಿಂದಾಚೆ ದೋಣಿ ಹೋಗದು. ಹಾಗಾಗಿ ಮೆಡಿಟರೇನಿಯನ್ ಕಡೆಯಿಂದ ಬಂದ ಸರಕೆಲ್ಲ ಮೆರ್ತೊಲದಲ್ಲೇ ಇಳಿಯಬೇಕಿತ್ತು, ಒಳನಾಡಿನ ಧಾನ್ಯ, ಲೋಹಗಳೆಲ್ಲ ಇಲ್ಲೇ ದೋಣಿ ಹತ್ತಬೇಕಿತ್ತು. ರೋಮನ್ನರ ಕಾಲದಲ್ಲಿ ಇದು ಮಿರ್ತಿಲಿಸ್, ತನ್ನದೇ ನಾಣ್ಯ ಟಂಕಿಸುತ್ತಿದ್ದ ಊರು. 1144ರಲ್ಲಿ ಇಬ್ನ್ ಕಸೀ ಎಂಬ ಸೂಫಿ ತನ್ನ ಶಿಷ್ಯರೊಂದಿಗೆ ಆಗಿನ ಆಳರಸರ ವಿರುದ್ಧ ದಂಗೆಯೆದ್ದು, ಈ ಕೋಟೆಯನ್ನು ಕೆಲಕಾಲ ತನ್ನ ರಾಜಧಾನಿ ಮಾಡಿಕೊಂಡಿದ್ದ. 1238ರಲ್ಲಿ ಊರು ಕ್ರೈಸ್ತರ ಕೈಸೇರಿ, ಸಾಂತಿಯಾಗು ಪಂಥದ ಯೋಧರ ನೆಲೆಯಾಯಿತು.

ಗೆದ್ದವರು ಮಸೀದಿಯನ್ನು ಕೆಡವಲಿಲ್ಲ. 12ನೇ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ ಆ ಮಸೀದಿಯೇ ಊರಿನ ಇಗರ್ಜಿಯಾಯಿತು. ಸುಣ್ಣ ಬಳಿದ ಗೋಡೆ, ಮೇಲಂಚಿನುದ್ದಕ್ಕೂ ಕೋಟೆಯ ತೆನೆಗಳು. 16ನೇ ಶತಮಾನದಲ್ಲಿ ಒಳಗೆ ಕಮಾನಿನ ಛಾವಣಿ ಬಂತು. ಆದರೆ ಕುದುರೆಲಾಳದ ಆಕಾರದ ಬಾಗಿಲುಗಳು ಉಳಿದವು. ಕಂಬಗಳ ನಡುವೆ ನಡೆದು ಪೂಜಾಪೀಠದ ಹಿಂದೆ ಇಣುಕಿದರೆ ಗೋಡೆಯಲ್ಲಿ ಮಿಹ್ರಾಬ್ ಇದೆ: ಮೆಕ್ಕಾದ ದಿಕ್ಕು ತೋರುವ ಗೂಡು, ಅದರ ಮೇಲೆ ಗಾರೆಯಲ್ಲಿ ಬಿಡಿಸಿದ ಎಸಳೆಸಳಾದ ಕಮಾನು. ಭಾನುವಾರದ ಪೂಜೆಗೆ ಬಂದವರು ಇಂದಿಗೂ ಮುಖ ಮಾಡುವುದು ಆ ಗೋಡೆಗೇ. ರಾಜ ಮನುಯೆಲ್ಲನಿಗಾಗಿ ದುಆರ್ತೆ ದ ಅರ್ಮಸ್ 1509-10ರ ಹೊತ್ತಿಗೆ ಗಡಿಕೋಟೆಗಳ ಚಿತ್ರ ಬರೆದಾಗ ಮೆರ್ತೊಲದ ಮಿನಾರೂ ನಿಂತಿತ್ತು. ಅದೇ ರಾಜನ ಪಡೆ ಗೋವೆಯನ್ನು ಗೆದ್ದಿದ್ದು 1510ರಲ್ಲಿ. ಪೋರ್ಚುಗೀಸರನ್ನು ಆ ಕಥೆಯಿಂದಲೇ ಬಲ್ಲ ನಮಗೆ, ಅವರ ಸ್ವಂತ ನೆಲದ ಈ ಗೋಡೆಯ ಮುಂದೆ ತುಸು ಹೊತ್ತು ನಿಲ್ಲಬೇಕೆನಿಸುತ್ತದೆ.

ಇದನ್ನೆಲ್ಲ ಊರಿನವರಿಗೆ ಓದಿ ಹೇಳಿದ್ದು ಕ್ಲಾಡಿಯೋ ತೊರ್ರೆಸ್. ಸಲಜಾರ್ ಸರ್ವಾಧಿಕಾರದ ಕಾಲದಲ್ಲಿ ದೇಶ ಬಿಟ್ಟು ಮೊರಾಕ್ಕೊಗೆ, ಅಲ್ಲಿಂದ ರೊಮೇನಿಯಾಕ್ಕೆ ಹೋದವರು, 1974ರ ಕ್ರಾಂತಿಯ ಬಳಿಕ ಮರಳಿ ಲಿಸ್ಬನ್ನಿನಲ್ಲಿ ಮೇಷ್ಟರಾದರು. ಅವರ ವಿದ್ಯಾರ್ಥಿ ಸೆರಾವ್ ಮಾರ್ತಿನ್ಸ್ ಮೆರ್ತೊಲದ ಪುರಾಧ್ಯಕ್ಷರಾದಾಗ ಗುರುವನ್ನು ಊರಿಗೆ ಕರೆದರು. 1978ರಲ್ಲಿ ಅಗೆತ ಶುರುವಾಯಿತು. ಕೋಟೆಯ ಮಗ್ಗುಲಲ್ಲಿ ಇಸ್ಲಾಮೀ ಕಾಲದ ಇಡೀ ಬೀದಿಯೇ ಸಿಕ್ಕಿತು: ಅಂಗಳ, ಅಡುಗೆಮನೆ, ಬಚ್ಚಲಿನ ಸಮೇತ ಮನೆಗಳು. ಅದಕ್ಕೂ ಹಿಂದಿನ ಕ್ರೈಸ್ತರ ದೀಕ್ಷಾಸ್ನಾನದ ತೊಟ್ಟಿ ಮತ್ತು ಬಣ್ಣಗಲ್ಲಿನ ನೆಲಚಿತ್ರಗಳೂ ಸಿಕ್ಕವು. ದಕ್ಷಿಣ ಐಬೀರಿಯಾ ಇಸ್ಲಾಮಿಗೆ ಒಲಿದಿದ್ದು ಬರೀ ಕತ್ತಿಯಿಂದಲ್ಲ, ಶತಮಾನಗಳ ಮೆಡಿಟರೇನಿಯನ್ ವ್ಯಾಪಾರದಿಂದ, ಇದ್ದ ಜನರೇ ಮೆಲ್ಲಗೆ ಬದಲಾದದ್ದರಿಂದ ಎಂದು ತೊರ್ರೆಸ್ ವಾದಿಸಿದರು. ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪುವುದಿಲ್ಲ. ಮಗ್ಗದ ಮನೆಯಿಂದ ಹೊರಬಂದ ನನಗೆ ಮಾತ್ರ ಅದು ನಂಬುವಂತೆ ಕಂಡಿತು. 1991ರಲ್ಲಿ ಅವರಿಗೆ ಪೆಸೋವಾ ಪ್ರಶಸ್ತಿ ಬಂತು. ಸಿಕ್ಕ ವಸ್ತುಗಳನ್ನು ರಾಜಧಾನಿಗೆ ಸಾಗಿಸದೆ ಊರಲ್ಲೇ ಅಲ್ಲಲ್ಲಿ ಇಟ್ಟು, ಊರನ್ನೇ ವಸ್ತುಸಂಗ್ರಹಾಲಯ ಮಾಡಿದ್ದು ಅದಕ್ಕಿಂತ ದೊಡ್ಡದು. ಪುರಸಭೆ ಕಚೇರಿಯ ಕೆಳಗೆ ರೋಮನ್ ಮನೆಯ ಅಡಿಪಾಯವಿದೆ.

ಊರಿಗೆ ಈ ಆಸರೆ ಬೇಕೇ ಬೇಕಿತ್ತು. 17 ಕಿಲೋಮೀಟರ್ ದೂರದ ಸಾವ್ ದೊಮಿಂಗುಸ್ ಗಣಿಯಲ್ಲಿ ಮೇಸನ್ ಅಂಡ್ ಬ್ಯಾರಿ ಎಂಬ ಬ್ರಿಟಿಷ್ ಕಂಪನಿ 19ನೇ ಶತಮಾನದ ಮಧ್ಯದಿಂದ ತಾಮ್ರ, ಗಂಧಕದ ಅದಿರು ತೆಗೆದು, ರೈಲಿನಲ್ಲಿ ಹೊಳೆದಂಡೆಯ ಪೊಮರಾವ್ ಬಂದರಿಗೆ ಸಾಗಿಸುತ್ತಿತ್ತು. 1966ರಲ್ಲಿ ಗಣಿ ಮುಚ್ಚಿತು. ಗೋಧಿ ಹೆಚ್ಚಿಸಿ ಎಂಬ ಸರ್ಕಾರದ ಒತ್ತಾಯದಲ್ಲಿ ಉತ್ತು ಉತ್ತು ತೆಳುಮಣ್ಣು ಮೊದಲೇ ಸವೆದಿತ್ತು. ಜನ ಲಿಸ್ಬನ್ನಿಗೆ, ಪರದೇಶಕ್ಕೆ ಗುಳೆ ಹೊರಟರು. 1950ರ ಹೊತ್ತಿಗೆ 25 ಸಾವಿರಕ್ಕೂ ಮೀರಿದ್ದ ತಾಲ್ಲೂಕಿನ ಜನಸಂಖ್ಯೆ ಈಗ 6 ಸಾವಿರದ ಆಸುಪಾಸು.

2001ರಿಂದ ಎರಡು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಇಲ್ಲಿ ಇಸ್ಲಾಮೀ ಉತ್ಸವ ನಡೆಯುತ್ತದೆ. ಕಿರುಬೀದಿಗಳ ಮೇಲೆ ಬಟ್ಟೆಯ ಚಪ್ಪರ ಕಟ್ಟುತ್ತಾರೆ, ಮೊರಾಕ್ಕೊದ ವ್ಯಾಪಾರಿಗಳು ಅಂಗಡಿ ಹೂಡುತ್ತಾರೆ, ಊರು ತುಂಬುತ್ತದೆ. ಆ ಸಂತೆ ಚೆಂದ. ಆದರೆ ನನ್ನ ಮನಸ್ಸಿರುವುದು ಉಳಿದ ದಿನಗಳ ಮೇಲೆ, ಮಗ್ಗದ ಮನೆಯ ಮೇಲೆ. ಹಳೆಯ ಮಡಕೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯಬಹುದು. ಹಾಸಿನ ಎಳೆ ಎಣಿಸುವ ಲೆಕ್ಕವನ್ನು ಹಾಗೆ ಕಾಯಲಾಗದು, ಅದಕ್ಕೆ ಪಕ್ಕದಲ್ಲಿ ಕೂತು ಕಲಿಯುವ ಹುಡುಗಿ ಬೇಕು, ಕಲಿಯುವಷ್ಟು ಕಾಲ ಅವಳಿಗೆ ಸಂಬಳ ಬೇಕು. ನೆಲ ಅಗೆಯಲು ವಿದ್ವಾಂಸರನ್ನು ಕರೆತಂದು ದಶಕಗಳ ಕಾಲ ಸಾಕಿದ ಊರಿಗೆ ಇದು ಆಗದ ಕೆಲಸವೇನಲ್ಲ. ಬೇಗ ಆಗಲಿ ಎಂಬುದೊಂದೇ ನನ್ನ ಆಸೆ.