ಇನ್ನೊಂದೇ ಆಟ ಎನ್ನುವ ಮಕ್ಕಳು

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಗಳನ್ನು ನೀವು ನೋಡಿರಬಹುದು. ಒಂದು ಗೂಡಿನಿಂದ ನೂರಾರು ಮೀಟರ್ ಎಳೆ ಬರುತ್ತದೆ, ಆಮೇಲೆ ಮುಗಿಯುತ್ತದೆ. ಆ ಮನೆಗಳ ಹುಡುಗರ ಕೈಯಲ್ಲಿರುವ ಮೊಬೈಲ್ ಆಟ ಮಾತ್ರ ಮುಗಿಯುವುದಿಲ್ಲ. ನನ್ನ ತರಗತಿಯಲ್ಲಿ ತೂಕಡಿಸುತ್ತಿದ್ದ ಒಬ್ಬನನ್ನು ಕೇಳಿದೆ. "ಇನ್ನೊಂದೇ ಮ್ಯಾಚ್ ಅಂತ ಆಡಿದೆ ಸರ್, ಫಜ್ರ್‌ನ ಅಝಾನ್ ಆಗಿಬಿಟ್ಟಿತು" ಎಂದ.

ಅವನೊಬ್ಬನದೇ ತಪ್ಪೆನ್ನಬೇಡಿ. 1997ರಲ್ಲಿ ನೋಕಿಯಾ ಮೊಬೈಲಿನಲ್ಲಿ ಬಂದ ಹಾವಿನ ಆಟದಲ್ಲಿ ಹಾವು ತನ್ನ ಮೈಗೇ ತಾಗಿದರೆ ಆಟ ಮುಗಿಯುತ್ತಿತ್ತು. ಈಗಿನ ಅನೇಕ ಆಟಗಳು ಇಂದು ಬಂದರೆ ಬಹುಮಾನ, ನಾಳೆಯೂ ಬಂದರೆ ಇನ್ನಷ್ಟು, ತಪ್ಪಿಸಿದರೆ ನಷ್ಟ ಎಂದು ಕರೆಯುತ್ತವೆ. ತಂಡದ ಆಟದಲ್ಲಿ ಅರ್ಧಕ್ಕೆ ಎದ್ದವನಿಗೆ ಗೆಳೆಯರ ಬೈಗುಳ. (ಗದರುವ ನಮ್ಮ ಕೈಯಲ್ಲೂ ಮೊಬೈಲ್ ಇರುತ್ತದೆ, ಅದು ಬೇರೆ ಮಾತು.)

2020ರಲ್ಲಿ ಸರಕಾರ ಪಬ್‌ಜಿಯನ್ನು ನಿಷೇಧಿಸಿತು. ಮರುವರ್ಷವೇ ಅದು ಬೇರೆ ಹೆಸರಿನಲ್ಲಿ ಬಂತು. 2025ರ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ರಾತ್ರಿಯ ನಿದ್ದೆಯನ್ನೇ ಪಣಕ್ಕಿಡುವ ಆಟ ಅದರಲ್ಲಿ ಬರುವುದಿಲ್ಲ.

ಆಟದ ಮೇಲೆ ಹಿಡಿತ ತಪ್ಪಿ, ಓದು, ಊಟ, ನಿದ್ದೆ ಕೆಟ್ಟರೂ ತಿಂಗಳುಗಟ್ಟಲೆ ಬಿಡಲಾಗದಿದ್ದರೆ ಅದು ಕಾಯಿಲೆಯಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ 'ಶಟ್' ಚಿಕಿತ್ಸಾಲಯ ಆರಂಭವಾಯಿತು. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ಎಲ್ಲಿಂದಲೂ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ ಸೇರಬಹುದು. ನಿಮ್ಹಾನ್ಸ್ ಎಂದರೆ ಹುಚ್ಚರ ಆಸ್ಪತ್ರೆ, ನೆಂಟರು ಏನೆಂದಾರು ಎಂಬ ಅಂಜಿಕೆಯಿಂದ ಒಂದು ವರ್ಷ ಕಳೆದುಕೊಂಡ ತಾಯಿಯೊಬ್ಬರನ್ನು ನಾನು ಬಲ್ಲೆ. ನೀವು ಹಾಗೆ ಕಾಯಬೇಡಿ. ಬಸ್ಸಿನಲ್ಲಿ ಮಗನನ್ನು ಕಿಟಕಿಯ ಪಕ್ಕ ಕೂರಿಸಿ.