ಕೈ ಕೊಡುವುದು

'ಸಭೆ' ಎಂದೊಡನೆ ಸಾಹಿತ್ಯದ ಪರಿಚಯವುಳ್ಳವರಿಗೆ ಮೊದಲು ನೆನಪಾಗುವುದು ರಾಜರ ಆಸ್ಥಾನ. ಅನಂತರ ಅಧ್ಯಕ್ಷರು, ಹಾರತುರಾಯಿ, ವಂದನಾರ್ಪಣೆ. ನಾನು ಹುಟ್ಟಿ ಬೆಳೆದ ಕರಾವಳಿಯ ಪ್ರಾಟೆಸ್ಟೆಂಟ್ ಕ್ರೈಸ್ತರ ಮನೆಗಳಲ್ಲಿ ಈ ಮಾತಿಗೆ ಬೇರೊಂದು ಅರ್ಥವಿತ್ತು. "ನಮ್ಮ ಸಭೆಯಲ್ಲಿ ಈ ವರ್ಷ ಮೂರು ಮದುವೆ, ಎರಡು ಸಾವು" ಎಂದು ನನ್ನ ಅಜ್ಜಿ ಹೇಳುತ್ತಿದ್ದಾಗ ಆಕೆಯ ಮನಸ್ಸಿನಲ್ಲಿದ್ದುದು ಕಟ್ಟಡವಲ್ಲ, ಜನ. ಕಟ್ಟಡಕ್ಕೆ 'ದೇವಾಲಯ'ವೆಂಬ ಹೆಸರು ಬೇರೆಯೇ ಇತ್ತು. ನೆರೆಯ ಕ್ಯಾಥೊಲಿಕರು ಪೋರ್ಚುಗೀಸ್ ಮೂಲದ 'ಇಗರ್ಜಿ' ಎಂಬ ಮಾತನ್ನು ಬಳಸುತ್ತಿದ್ದರು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ 'ಎಕ್ಲೇಸಿಯ' ಎಂಬ ಶಬ್ದವೂ ಗ್ರೀಕ್ ಪಟ್ಟಣಗಳಲ್ಲಿ ಪೌರರು ಕಲೆತು ಊರ ವ್ಯವಹಾರವನ್ನು ಚರ್ಚಿಸುತ್ತಿದ್ದ ಕೂಟಕ್ಕೆ ಇದ್ದ ಹೆಸರು. ಗೋಡೆ, ಗೋಪುರ, ಗಂಟೆಗಳ ಕಲ್ಪನೆ ಅದರಲ್ಲಿ ಮೊದಲಿಗೆ ಇರಲಿಲ್ಲ. ಅದನ್ನು 'ಸಭೆ' ಎಂದು ಕನ್ನಡಿಸಿದವರು ಯೋಗ್ಯವಾದ ಕೆಲಸವನ್ನೇ ಮಾಡಿದರು.

ಹೆಸರೇನೋ ಸರಿ. ಭಾನುವಾರ ಒಂದು ಗಂಟೆ ಒಂದೇ ಬೆಂಚಿನ ಮೇಲೆ ಕುಳಿತು ಎದ್ದು ಹೋಗುವ ಈ ಜನ ಒಬ್ಬರಿಗೊಬ್ಬರು ಏನಾಗಬೇಕು? ಈ ಮಾತನ್ನು ಕೇಳುತ್ತಿರುವವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲವೆಂಬುದನ್ನು ನಾನು ಬಲ್ಲೆ. ಆದರೆ ಒಂದು ಮಠಕ್ಕೋ ಮಸೀದಿಗೋ ಸಂಘಕ್ಕೋ ಸೇರಿದ ಯಾರಿಗೂ ಈ ಪ್ರಶ್ನೆ ತೀರ ಹೊರಗಿನದಾಗಲಾರದು.

ಹೊಸ ಒಡಂಬಡಿಕೆಯ ಪುಸ್ತಕಗಳಲ್ಲಿ ಹೆಚ್ಚಿನವು ಪತ್ರಗಳು. ಅವುಗಳಲ್ಲಿ ಗಹನವಾದ ತತ್ತ್ವವಿಚಾರವಿದೆ, ನಿಜ. ಆದರೆ ಅವು ಜಗಳವಾಡುತ್ತಿದ್ದ ಜನರಿಗೆ ಬರೆದ ಪತ್ರಗಳು ಎಂಬುದನ್ನು ನಾವು ಮರೆಯುತ್ತೇವೆ. 'ಒಬ್ಬರನ್ನೊಬ್ಬರು', 'ಪರಸ್ಪರ' ಎಂಬ ಅರ್ಥದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಸುಮಾರು ನೂರು ಸಲ ಬರುತ್ತದೆ. ಅದರೊಡನೆ ಬರುವ ವಿಧಿಗಳೆಲ್ಲ ತೀರ ಮನೆವಾರ್ತೆಯವು: ಕ್ಷಮಿಸಿರಿ, ಸುಳ್ಳಾಡಬೇಡಿರಿ, ಗೊಣಗದೆ ಅತಿಥಿಸತ್ಕಾರ ಮಾಡಿರಿ. ಗೊಣಗುವವರಿದ್ದರೆಂದೇ ತಾನೆ ಆ ಕೊನೆಯ ಮಾತು?

ಇವುಗಳಲ್ಲಿ ನನ್ನನ್ನು ಬಹುಕಾಲ ಕಾಡಿದ್ದು ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಕಡೆಯ ಅಧ್ಯಾಯದ ಒಂದು ವಿರೋಧ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂದು ಅಲ್ಲಿ ಹೇಳಿದೆ. ಮೂರೇ ವಾಕ್ಯಗಳ ಆಚೆಗೆ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರತಕ್ಕದ್ದೆಂದೂ ಹೇಳಿದೆ! ಮೂಲದಲ್ಲಿ ಎರಡು ಬೇರೆ ಪದಗಳಿವೆ. ಮೊದಲನೆಯದು 'ಬಾರೋಸ್', ಮೇಲೆ ಬಿದ್ದು ಮನುಷ್ಯನನ್ನು ಕುಗ್ಗಿಸುವ ಭಾರ. ಎರಡನೆಯದು 'ಫೋರ್ತಿಯೋನ್', ಪ್ರಯಾಣಿಕನ ಗಂಟಿನಂತೆ ಒಬ್ಬೊಬ್ಬನ ಪಾಲಿಗೆ ಗೊತ್ತಾದ ಹೊರೆ. ವಿದ್ವಾಂಸರ ಈ ವಿವರಣೆ ಸರಿಯೇ. ಆದರೆ ನನಗೆ ವಿಷಯ ತಿಳಿಯಾದದ್ದು ನಿಘಂಟಿನಿಂದಲ್ಲ, ತಲೆಹೊರೆ ಹೊರುವವರನ್ನು ನೋಡಿ.

ಹುಲ್ಲಿನದೋ ಸೌದೆಯದೋ ಹೊರೆ ಹೊತ್ತವನು ಹರದಾರಿಗಟ್ಟಲೆ ಒಬ್ಬನೇ ನಡೆಯಬಲ್ಲ. ಆದರೆ ನೆಲದ ಮೇಲಿನ ಹೊರೆಯನ್ನು ತನ್ನ ತಲೆಗೆ ತಾನೇ ಏರಿಸಿಕೊಳ್ಳಲಾರ. ಹೊರೆ ಕಟ್ಟಿಕೊಂಡು ದಾರಿಯ ಬದಿಯಲ್ಲಿ ನಿಂತಿರುತ್ತಾನೆ. ಯಾರಾದರೂ ಬಂದರೆ, "ಒಂದಿಷ್ಟು ಕೈ ಕೊಡಿ" ಎನ್ನುತ್ತಾನೆ. ಬಂದವನು ಹೊರೆಯ ಒಂದು ಮಗ್ಗುಲನ್ನು ಹಿಡಿದು ಎತ್ತಿ, ತಲೆಯ ಮೇಲೆ ಸರಿಯಾಗಿ ಕೂರಿಸಿ ತನ್ನ ದಾರಿ ಹಿಡಿಯುತ್ತಾನೆ. ಇಳಿಸುವಾಗಲೂ ಹೀಗೆಯೇ. ಅದಕ್ಕೂ ಯಾರೂ ಸಿಕ್ಕದಿದ್ದರೆ ಎಂದು ಹಿಂದಿನವರು ದಾರಿಯ ಬದಿಯಲ್ಲಿ ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಅಡ್ಡಲಾಗಿ ಇಡುತ್ತಿದ್ದರು. ಹೊರೆ ಇಳಿಸುವ ಆ ಕಲ್ಲುಗಳು ಹಳೆಯ ಹಾದಿಗಳಲ್ಲಿ ಅಲ್ಲಲ್ಲಿ ಇಂದಿಗೂ ಉಳಿದಿವೆ. ಹೊರೆ ಅವನದೇ, ಎತ್ತುವ ಕೈ ಮಾತ್ರ ಇನ್ನೊಬ್ಬರದು. ಪೌಲನ ಎರಡು ಮಾತುಗಳ ನಡುವೆ ನನಗೆ ಆಮೇಲೆ ವಿರೋಧ ಕಾಣಿಸಲಿಲ್ಲ.

'ಕೈ ಕೊಡುವುದು' ಎಂಬುದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವಿದೆ. ನಂಬಿದವನನ್ನು ನಡುನೀರಿನಲ್ಲಿ ಬಿಡುವುದಕ್ಕೂ ಅದೇ ಮಾತು. ಎರಡು ಅರ್ಥಗಳೂ ಇಂದಿನ ವಿಷಯಕ್ಕೆ ಬೇಕಾಗುತ್ತವೆ.

ಆದಿಕಾಲದ ಸಭೆಗಳು ಆದರ್ಶದ ಕೂಟಗಳಾಗಿದ್ದುವೆಂದು ಉಪದೇಶಪೀಠದಿಂದ ಹೇಳುವುದುಂಟು. ದಾಖಲೆ ಹಾಗೆ ಹೇಳುವುದಿಲ್ಲ. ಕೊರಿಂಥದ ಕ್ರೈಸ್ತರು ಯಾರದೋ ದೊಡ್ಡ ಮನೆಯಲ್ಲಿ ಕೂಡಿ ಉಣ್ಣುತ್ತಿದ್ದರು. ಕರ್ತನ ಭೋಜನದ ಆಚರಣೆಯೂ ಆ ಊಟದೊಡನೆಯೇ ನಡೆಯುತ್ತಿತ್ತು. ಉಳ್ಳವರು ತಮ್ಮ ಊಟವನ್ನು ಮೊದಲೇ ತೀರಿಸುತ್ತಿದ್ದರು. ಇಲ್ಲದವರು, ಬಹುಶಃ ಯಜಮಾನರ ಕೆಲಸ ಮುಗಿಸಿ ತಡವಾಗಿ ಬರುತ್ತಿದ್ದ ಆಳುಗಳು, ಹಸಿದು ಕೂರುತ್ತಿದ್ದರು. ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಕುಡಿದು ಮತ್ತನಾಗಿದ್ದಾನೆ. ಇದು ಕರ್ತನ ಭೋಜನವೇ ಅಲ್ಲವೆಂದು ಪೌಲ ಕಡ್ಡಿ ಮುರಿದಂತೆ ಬರೆದ. ಮಂತ್ರದಲ್ಲಿ ತಪ್ಪಿತ್ತೆಂದಲ್ಲ, ಕಾಯಲಿಲ್ಲವೆಂದು. ಅವನು ಕೊನೆಗೆ ಕೊಟ್ಟ ವಿಧಿಯೂ ಅಷ್ಟೇ: ಊಟಕ್ಕೆ ಕೂಡುವಾಗ ಒಬ್ಬರಿಗೊಬ್ಬರು ಕಾಯಿರಿ.

ಯೆರೂಸಲೇಮಿನಲ್ಲಿ ಆದದ್ದು ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿಯ ಸಭೆಯಲ್ಲಿ ಎರಡು ಭಾಷೆಯ ಯೆಹೂದ್ಯರಿದ್ದರು: ಸ್ಥಳೀಯರು, ಮತ್ತು ಹೊರನಾಡುಗಳಿಂದ ಬಂದು ನೆಲಸಿದ, ಗ್ರೀಕ್ ಆಡುವವರು. ದಿನದ ಆಹಾರ ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಭಾಷೆಯವರು ಗುಣುಗುಟ್ಟಿದರು. ಆಗ ಏಳು ಮಂದಿಯನ್ನು ಆರಿಸಿ ಹಂಚಿಕೆಯನ್ನು ಅವರಿಗೆ ಒಪ್ಪಿಸಲಾಯಿತು. ಆ ಹೆಸರುಗಳನ್ನು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು! ದೂರು ಹೇಳಿದವರ ಕೈಗೇ ಉಗ್ರಾಣದ ಬೀಗದ ಕೈ ಹೋಯಿತೆಂದು ಕಾಣುತ್ತದೆ. ನಮ್ಮ ಇಂದಿನ ಸಮಿತಿಗಳಾಗಿದ್ದರೆ ವಿಚಾರಣೆಗೆ ಒಂದು ಉಪಸಮಿತಿಯನ್ನು ನೇಮಿಸುತ್ತಿದ್ದುವು.

ಎರಡನೆಯ ಶತಮಾನದ ಮಧ್ಯದಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ಲೇಖಕ ಭಾನುವಾರದ ಆರಾಧನೆ ಹೇಗೆ ನಡೆಯುತ್ತಿತ್ತೆಂದು ವಿವರಿಸಿದ್ದಾನೆ. ಅನುಕೂಲವುಳ್ಳವರು ಮನಸ್ಸಿಗೆ ಬಂದಷ್ಟು ಕೊಡುತ್ತಾರೆ. ಅದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದವರಿಗೆ ಸಲ್ಲುತ್ತದೆ. ಇದಕ್ಕಿಂತ ನನ್ನ ಗಮನ ಸೆಳೆದದ್ದು ಅವನು ಹೇಳುವ ಇನ್ನೊಂದು ಸಣ್ಣ ಸಂಗತಿ. ಬಂದವರಿಗೆಲ್ಲ ರೊಟ್ಟಿ ಹಂಚಿದ ಮೇಲೆ, ಬಾರದವರ ಪಾಲನ್ನು ಸೇವಕರು ಅವರವರ ಮನೆಗೆ ಒಯ್ದು ಕೊಡುತ್ತಿದ್ದರು. ಅಂದರೆ ಯಾರು ಬಂದಿಲ್ಲವೆಂಬುದು ಪ್ರತಿವಾರವೂ ಗೊತ್ತಿರಬೇಕಾಗಿತ್ತು. ಮುಂದೆ ಈ ಕಾರ್ಯ ಬಹಳ ಬೆಳೆಯಿತು. 251ರ ಸುಮಾರಿಗೆ ರೋಮಿನ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ನಿರ್ಗತಿಕರನ್ನೂ ಪೋಷಿಸುತ್ತಿತ್ತೆಂದು ಅಲ್ಲಿಯ ಬಿಷಪ್ ಕೊರ್ನೇಲಿಯನ ಪತ್ರದಿಂದ ತಿಳಿಯುತ್ತದೆ. ಮರುಶತಮಾನದಲ್ಲಿ ಕ್ರೈಸ್ತಮತದ ವಿರೋಧಿಯಾಗಿದ್ದ ಜೂಲಿಯನ್ ಚಕ್ರವರ್ತಿ, ಇವರು ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರಲ್ಲ ಎಂದು ತನ್ನ ಪೂಜಾರಿಗಳನ್ನು ಮೂದಲಿಸಿದ.

ಇನ್ನು ನಮ್ಮ ಕರಾವಳಿಗೆ ಬರೋಣ. ಬಾಸೆಲ್ ಮಿಶನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಮಾತು ಕೇಳಿ ಸಭೆ ಸೇರಿದವರು ಮನೆಯನ್ನೂ ಕುಲವನ್ನೂ ಕಳೆದುಕೊಂಡರು. ಎಷ್ಟೋ ವೇಳೆ ಕಸುಬನ್ನೂ. ಸೇರಿದವರಲ್ಲಿ ಬಹಳ ಮಂದಿ ಬಿಲ್ಲವರು. ಶೇಂದಿ ಇಳಿಸುವ ಕಸುಬನ್ನು ಮಿಶನ್ನು ಒಪ್ಪಲಿಲ್ಲ. ಒಂದು ಕಸುಬನ್ನು ಬಿಡಿಸಿದವರು ಮತ್ತೊಂದನ್ನು ಕೊಡಬೇಕಷ್ಟೆ. ಮುದ್ರಣಾಲಯ, ಮಗ್ಗ, 1865ರಲ್ಲಿ ಹೆಂಚಿನ ಕಾರ್ಖಾನೆ ಹೀಗೆ ಬಂದುವು. ನನ್ನ ಮುತ್ತಜ್ಜ ಹೆಂಚಿಗೆ ಮಣ್ಣು ಕಲಸಿದವನು. ಆ ಕಾರ್ಖಾನೆಗಳ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ಆದರೆ ಅದರಿಂದ ಒಂದು ಅಭ್ಯಾಸವೂ ಬೆಳೆಯಿತು: ಕೊಡುವವರು ದೊರೆಗಳು, ಪಡೆಯುವವರು ನಾವು. 1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಮಿಶನರಿಗಳನ್ನು ಸರ್ಕಾರ ಶತ್ರುದೇಶದವರೆಂದು ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದುವು. ಆಗ ಸಭೆಯವರು ಒಬ್ಬರ ಮುಖವನ್ನೊಬ್ಬರು ನೋಡಬೇಕಾಯಿತು. "ದೊರೆಗಳು ಹೋದ ಮೇಲೆ ನಮಗೆ ನೆರೆಮನೆ ಕಾಣಿಸಿತು" ಎಂದು ಅಜ್ಜಿ ತನ್ನ ತಾಯಿಯಿಂದ ಕೇಳಿದ್ದ ಮಾತನ್ನು ಹೇಳುತ್ತಿದ್ದಳು.

ಸಭೆಗೆ 'ಹಿರಿಯರು' ಇದ್ದರು, ಇಂದಿಗೂ ಇದ್ದಾರೆ. ಮನೆಮನೆಗೆ ಹೋಗಿ ವಿಚಾರಿಸುವುದು ಅವರ ಕರ್ತವ್ಯ. ಹಿಂದೆ ಈ ವಿಚಾರಣೆ ಒಮ್ಮೊಮ್ಮೆ ಅಡಿಗೆಮನೆಯ ಗಡಿಗೆಯವರೆಗೂ ಹೋಗುತ್ತಿತ್ತಂತೆ. ಹಿರಿಯರು ಬರುತ್ತಾರೆಂದರೆ ಎಲೆ ಅಡಿಕೆಯ ತಟ್ಟೆಯನ್ನೂ ಬಚ್ಚಿಡುತ್ತಿದ್ದ ಮನೆಗಳನ್ನು ನಾನು ಕೇಳಿ ಬಲ್ಲೆ. ಹೊಣೆಗೂ ಪಹರೆಗೂ ಇರುವ ಅಂತರ ಬಹಳ ಕಿರಿದು. ಬೆಳೆ ಹಬ್ಬದಲ್ಲಿ ಮಾತ್ರ ಈ ಬಿಗಿ ಸಡಿಲವಾಗುತ್ತಿತ್ತು. ಹಿತ್ತಿಲಿನ ಕುಂಬಳ, ಬಾಳೆಗೊನೆ, ಕೋಳಿಗಳನ್ನೆಲ್ಲ ತಂದು ಆರಾಧನೆಯ ನಂತರ ಏಲಂ ಹಾಕುವುದು. ಕೊಂಡವನು ಅದೇ ಕುಂಬಳವನ್ನು ಮತ್ತೆ ಏಲಮಿಗೆ ಕೊಡುವುದು. ಒಂದೇ ಸೌತೆಕಾಯಿ ನಾಲ್ಕು ಕೈ ದಾಟಿ, ಕಡೆಗೆ ಅದನ್ನು ತಂದ ಮುದುಕಿಯ ಬುಟ್ಟಿಗೇ ಮರಳಿದ್ದನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ. ಯಾರು ಕೊಟ್ಟವರು, ಯಾರು ಪಡೆದವರು ಎಂಬ ಲೆಕ್ಕವೇ ಅಲ್ಲಿ ಅಳಿಸಿಹೋಗುತ್ತಿತ್ತು. ಹನ್ನೆರಡನೆಯ ಶತಮಾನದ ಶರಣರು ದಾನವೆನ್ನದೆ ದಾಸೋಹವೆಂದದ್ದು ಏಕೆಂದು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನಗೆ ಆ ಸೌತೆಕಾಯಿ ಜ್ಞಾಪಕಕ್ಕೆ ಬರುತ್ತಿತ್ತು.

ಇಷ್ಟನ್ನೆಲ್ಲ ಓದಿ, ಕಂಡು, ಪಾಠ ಹೇಳಿದವನು ನಾನು. 1991ರಲ್ಲಿ ಘಟ್ಟದ ಮೇಲಿನ ಒಂದು ಪಟ್ಟಣಕ್ಕೆ ನನಗೆ ವರ್ಗವಾಯಿತು. ಅಲ್ಲಿಯದು ಚಿಕ್ಕ ಸಭೆ, 70 ಕುಟುಂಬಗಳು ಇದ್ದಿರಬಹುದು. ಮೇಷ್ಟರೆಂಬ ಕಾರಣಕ್ಕೆ ಎರಡೇ ವರ್ಷದಲ್ಲಿ ನನ್ನನ್ನು ಹಿರಿಯನನ್ನಾಗಿ ಆರಿಸಿ ಬಡವರ ನಿಧಿಯ ಲೆಕ್ಕವನ್ನು ಒಪ್ಪಿಸಿದರು. ವರ್ಷದ ಕೊನೆಯಲ್ಲಿ ನಾನು ಒಳ್ಳೆಯ ಕನ್ನಡದಲ್ಲಿ ವರದಿಯನ್ನು ಸಿದ್ಧಪಡಿಸಿ, ಯಾರಿಗೆ ಎಷ್ಟು ಸಂದಿತೆಂಬುದನ್ನು ಹೆಸರು ಹಿಡಿದು ಸಭೆಯ ಮುಂದೆ ಓದಿದೆ. ಲೆಕ್ಕ ಪಾರದರ್ಶಕವಾಗಿರಬೇಕಷ್ಟೆ! ಎಲ್ಲರೂ ಮೆಚ್ಚಿದರು.

ಆ ಪಟ್ಟಿಯಲ್ಲಿ ಒಬ್ಬ ದರ್ಜಿಯ ಹೆಸರಿತ್ತು. ಹೆಂಡತಿಯ ಕಾಯಿಲೆಗಾಗಿ ತಿಂಗಳಿಗೆ 75 ರೂಪಾಯಿಯಂತೆ ಆತನಿಗೆ ಸಂದಿತ್ತು. ಮೂರನೆಯ ಸಾಲಿನ ಬೆಂಚಿನಲ್ಲಿ ಮಗಳೊಂದಿಗೆ ಕೂರುತ್ತಿದ್ದ ಆತ ಮರುವಾರದಿಂದ ಬರಲಿಲ್ಲ. ಕಾಲೇಜಿನ ಹಾಜರಿಯಂತೆ ಇಲ್ಲಿಯೂ ಒಂದು ಪುಸ್ತಕ ಇಟ್ಟಿದ್ದೆ; ಗೈರುಹಾಜರಿಯನ್ನು ತಪ್ಪದೆ ಗುರುತಿಸಿದೆ. ಏಳು ತಿಂಗಳು ಗುರುತಿಸಿದೆ. ಒಂದು ದಿನ ಅಯ್ಯನವರು ಪುಸ್ತಕವನ್ನು ತಿರುವಿ ನೋಡಿ, "ಮೇಷ್ಟ್ರೇ, ಬರೆದಿದ್ದೀರಿ. ಹೋಗಿ ಬಂದಿರಾ?" ಎಂದರು.

ಹೋದೆ. ಆತ ಯಂತ್ರ ನಿಲ್ಲಿಸಿ ಸ್ಟೂಲು ಸರಿಸಿದ. ಎದುರಿನ ಹೋಟೆಲಿನಿಂದ ಚಹ ತರಿಸಿದ. ತುಸು ಹೊತ್ತಿನ ಮೇಲೆ ಆತನೇ ಹೇಳಿದ: "ಹಣ ಬೇಕಾಗಿತ್ತು ಮೇಷ್ಟ್ರೇ, ಸುಳ್ಳು ಹೇಳೋದಿಲ್ಲ. ನೀವು ಹೆಸರು ಓದಿದಾಗ ಮಗಳು ಪಕ್ಕದಲ್ಲೇ ಇದ್ದಳು. ತಲೆ ತಗ್ಗಿಸಿ ಫ್ರಾಕಿನ ಅಂಚು ಹಿಡಕೊಂಡಳು. ಆ ಫ್ರಾಕು ನಾನೇ ಹೊಲಿದದ್ದು." ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಹೆಂಡತಿಯ ಊರಿಗೇ ಒಯ್ದು ಮಣ್ಣು ಮಾಡಿ ಬಂದಿದ್ದರು. ನಮಗೆ ಯಾರಿಗೂ ತಿಳಿದಿರಲಿಲ್ಲ.

ಅನಂತರ ವರದಿಯಲ್ಲಿ ಹೆಸರುಗಳನ್ನು ಓದುವುದನ್ನು ನಿಲ್ಲಿಸಿದೆವು. ಬಡವರ ನಿಧಿಯನ್ನು ನೋಡಿಕೊಳ್ಳುವವರಲ್ಲಿ ಆತನೂ ಒಬ್ಬನಾಗಬೇಕೆಂದು ಅಯ್ಯನವರು ಹೇಳಿದಾಗ ಸಮಿತಿಯಲ್ಲಿ ಸಾಕಷ್ಟು ವಾದವಾಯಿತು. ಸಹಾಯ ಪಡೆದವನೇ ಸಹಾಯ ಹಂಚುವುದೆಂದರೇನು ಎಂದವರಿಗೆ ಅಯ್ಯನವರು ಆ ಏಳು ಹೆಸರುಗಳನ್ನು ಓದಿ ಹೇಳಿದರು. ದರ್ಜಿ ಮೊದಲು ಒಪ್ಪಲಿಲ್ಲ. ಒಪ್ಪಿದ ಮೇಲೆ ಒಂದು ಷರತ್ತು ಹಾಕಿದ. ಪಟ್ಟಿ ತನ್ನ ಅಂಗಡಿಯ ಅಳತೆ ಪುಸ್ತಕದಲ್ಲೇ ಇರತಕ್ಕದ್ದು. ಅಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳುಗಳ ಅಳತೆಯ ನಡುವೆ ಯಾರು ಏನೆಂದು ಬೇರೆಯವರಿಗೆ ಗೊತ್ತಾಗುವಂತಿರಲಿಲ್ಲ. ವರ್ಷಕ್ಕೊಮ್ಮೆ ನಾನು ಮತ್ತು ಅಯ್ಯನವರು ನೋಡಿ ಸಹಿ ಮಾಡಬೇಕು.

1998ರಲ್ಲಿ ನನಗೆ ಶಸ್ತ್ರಚಿಕಿತ್ಸೆಯಾಯಿತು. ಹೆಂಡತಿ ಮಗಳ ಬಾಣಂತನಕ್ಕೆ ದೂರದ ಊರಿಗೆ ಹೋಗಿದ್ದಳು. ತಿಳಿಸಬೇಡವೆಂದು ನಾನೇ ತಡೆದಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಸಂಜೆ ದರ್ಜಿ ಬಂದ, ಕೈಯಲ್ಲಿ ಗಂಜಿಯ ಕ್ಯಾರಿಯರು. ನಾಳೆಯಿಂದ ಬೇಡವೆಂದೆ, ನಾಳೆಯೂ ಬಂದ. ಕೊಡುವುದರಲ್ಲಿ ನನಗೆ ಅಭ್ಯಾಸವಿತ್ತು, ಪಡೆಯುವುದರಲ್ಲಿ ಇರಲಿಲ್ಲ. ಮೂರನೆಯ ದಿನ ಅಕ್ಕಿಗೂ ಆಟೋಗೂ ಆಗಲೆಂದು ನೂರು ರೂಪಾಯಿ ಚಾಚಿದೆ. ಆತ ನೋಟನ್ನು ದಿಂಬಿನ ಕೆಳಗಿಟ್ಟು, ಬಟ್ಟಲಿಗೆ ಗಂಜಿ ಬಗ್ಗಿಸುತ್ತ, "ಆರುತ್ತೆ, ಕುಡೀರಿ" ಎಂದ.

ಆ ವರ್ಷದ ಕೊನೆಗೆ ಸಹಿ ಮಾಡಲು ಅಳತೆ ಪುಸ್ತಕ ಬಂತು. ಒಂದು ಪುಟದಲ್ಲಿ ನನ್ನ ಶರ್ಟಿನ ಅಳತೆಯಿತ್ತು. ಅದರ ಕೆಳಗೆ, ಆ ವರ್ಷ ಸಹಾಯ ಪಡೆದ ಉಳಿದವರ ಸಾಲಿನಲ್ಲೇ, ಆತನ ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: ಮೇಷ್ಟ್ರು, ಗಂಜಿ, 11 ದಿನ, ಖರ್ಚು ಇಲ್ಲ.

ನಾನು ಸಹಿ ಹಾಕಿದೆ.