ಬಕೆಟಿನ ಹಲ್ಲಿಗೆ ಕಟ್ಟಿದ ಸರಪಳಿ

ನಮ್ಮ ಕಡೆಯ ತೋಟಗಳಲ್ಲಿ ಈಗ ಯಂತ್ರ ಬಾರದ ದಿನವೇ ಕಡಿಮೆ. ಗುಡ್ಡೆ ಅಗೆದು ತಟ್ಟು ಮಾಡುವುದಕ್ಕೆ, ಗೊಬ್ಬರ ಹೊರುವುದಕ್ಕೆ, ಕೆಂಪುಕಲ್ಲು ರಾಶಿ ಹಾಕುವುದಕ್ಕೆ ಮುಂದೆ ಬಕೆಟು ಕಟ್ಟಿಕೊಂಡ ಟ್ರಾಕ್ಟರೋ ಜೇಸೀಬಿಯೋ ಗದ್ದೆಯ ಬದಿಯಲ್ಲಿ ಗುಡುಗುಡು ಎನ್ನುತ್ತಲೇ ಇರುತ್ತದೆ. ಬಕೆಟು ಮಾಡಿದ್ದು ಕೆರೆದು ತುಂಬಿ ಸುರಿಯುವುದಕ್ಕೆ. ಆದರೆ ಯಂತ್ರ ಹೇಗೂ ಬಂದಿದೆ, ಗಂಟೆಯ ಬಾಡಿಗೆ ಹೇಗೂ ಓಡುತ್ತಿದೆ ಎಂದಾಗ ಮರದ ದಿಮ್ಮಿ, ಹಳೆಯ ಪಂಪಿನ ಎಂಜಿನು, ಸಿಮೆಂಟಿನ ಕಂಬ, ಬಾವಿಯ ರಿಂಗು ಎಲ್ಲವನ್ನೂ ಅದರಿಂದಲೇ ಎತ್ತಿಸುವ ಆಸೆ ನಮಗೆ ಹುಟ್ಟುತ್ತದೆ. ಒಂದು ಸರಪಳಿ ತಂದು ಬಕೆಟಿನ ಹಲ್ಲಿಗೆ ಎರಡು ಸುತ್ತು ಸುತ್ತಿ ‘ಎತ್ತು’ ಎನ್ನುತ್ತೇವೆ. ಎತ್ತುತ್ತದೆ. ಹತ್ತು ಸಲ ಎತ್ತುತ್ತದೆ. ಹನ್ನೊಂದನೆಯ ಸಲದ ಕತೆಯನ್ನು ಹೇಳುವುದಕ್ಕಾಗಿಯೇ ಈ ಬರಹ.

ಕಳೆದ ಬೇಸಗೆಯಲ್ಲಿ ನಮ್ಮ ಬಾವಿಗೆ ರಿಂಗು ಇಳಿಸುವ ಕೆಲಸ ಇತ್ತು. ಬಾವಿಯ ಕೆಳಗಿನ ಸುತ್ತು ಜರಿಯುತ್ತಿತ್ತು. ಇನ್ನೊಂದು ಮಳೆಗಾಲ ನಿಲ್ಲುವ ಹಾಗಿರಲಿಲ್ಲ. ಮೊದಲಾದರೆ ಇಂಥ ಕೆಲಸಕ್ಕೆ ಎಂಟು ಜನ, ಒಂದು ಮರದ ಅಟ್ಟಣೆ, ರಾಟೆ, ಬಳ್ಳಿ ಬೇಕಾಗುತ್ತಿತ್ತು. ಈಗ ಎಂಟು ಜನ ಎಲ್ಲಿಂದ ತರುವುದು? ನೆರೆಮನೆಯಲ್ಲಿ ಮಣ್ಣು ತೆಗೆಯಲು ಬಂದಿದ್ದ ಲೋಡರನ್ನು ಒಂದು ಗಂಟೆಯ ಮಟ್ಟಿಗೆ ಕರೆಸಿಕೊಂಡೆವು. ಚಾಲಕ ತಮಿಳುನಾಡಿನ ಹುಡುಗ. ಕೆಲಸ ಬಲ್ಲವನೇ. ನಡುವಿನ ಹಲ್ಲಿಗೆ ಸರಪಳಿ ಸುತ್ತಿದ. ಎರಡು ಕಾಲು ರಿಂಗಿನ ಎರಡು ತೂತಿಗೆ. ಸರಪಳಿ ತುಸು ಗಿಡ್ಡವಾಯಿತು. ‘ಸಾಕಾ ಸಾರ್?’ ಎಂದು ಅವನು ಕೇಳಿದ್ದು ನಮ್ಮನ್ನು. ‘ಸಾಕು, ಆಗ್ತದೆ’ ಎಂದವರು ನಾವು. ಆ ಮಾತನ್ನು ಬೇರೆಯವರ ತಲೆಗೆ ಕಟ್ಟುವ ಇಚ್ಛೆ ನಮಗಿಲ್ಲ.

ಬಾವಿಕಟ್ಟೆ ದಾಟಿಸಲು ಅವನು ಬಕೆಟನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿದ. ಅದುವರೆಗೆ ಅಡ್ಡಕ್ಕಿದ್ದ ಹಲ್ಲು ಕೆಳಮುಖವಾಯಿತು. ಕೆಳಮುಖವಾದ ಹಲ್ಲಿನಿಂದ ಸರಪಳಿ ಜಾರುವುದು, ಬೆರಳಿನಿಂದ ಉಂಗುರ ಜಾರಿದಷ್ಟೇ ಸಲೀಸು. ರಿಂಗು ದಡಾರನೆ ಬಿದ್ದು ಎರಡು ಹೋಳಾಯಿತು. ಅದು ಬಿದ್ದ ಜಾಗದಲ್ಲಿ ಅರೆ ನಿಮಿಷಕ್ಕೆ ಮೊದಲು ನಮ್ಮ ತೋಟದಲ್ಲಿ ಇಪ್ಪತ್ತು ವರ್ಷದಿಂದ ದುಡಿಯುವ ಹಿರಿಯರೊಬ್ಬರು ನಿಂತಿದ್ದರು. ಬಾಯಿಯ ವೀಳ್ಯ ಉಗುಳಲೆಂದು ನಾಲ್ಕು ಹೆಜ್ಜೆ ಆಚೆ ಹೋಗಿದ್ದರು, ಅಷ್ಟೆ. ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ, ‘ಇವತ್ತಿಗೆ ಸಾಕು ಮಾಸ್ಟ್ರೇ’ ಎಂದರು.

ಮರುದಿನ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಒಂದು ಲೆಕ್ಕ ಕೊಟ್ಟೆವು. ಒಳವ್ಯಾಸ 120 ಸೆಂಟಿಮೀಟರ್, ಹೊರವ್ಯಾಸ 135, ಎತ್ತರ 45, ಕಾಂಕ್ರೀಟು ಘನಮೀಟರಿಗೆ 2,400 ಕಿಲೋ, ತೂಕ ಎಷ್ಟು? ಉತ್ತರ ಸುಮಾರು 325 ಕಿಲೋ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಅದನ್ನು 50 ಕಿಲೋದ ಅಕ್ಕಿಮೂಟೆಗೆ ಭಾಗಿಸಿ ‘ಆರೂವರೆ ಮೂಟೆ’ ಎಂದ. ಲೆಕ್ಕ ಎಲ್ಲಿಂದ ಬಂತೆಂದು ಮಕ್ಕಳಿಗೆ ನಾವು ಹೇಳಿರಲಿಲ್ಲ. ಆರೂವರೆ ಮೂಟೆ ಒಟ್ಟಿಗೆ ಮನುಷ್ಯನ ಮೇಲೆ ಬಿದ್ದರೆ ಏನಾಗುತ್ತದೆಂಬ ಯೋಚನೆಯಿಂದ ಆ ದಿನ ಮುಂದಿನ ಪಾಠ ಸರಿಯಾಗಿ ಸಾಗಲಿಲ್ಲ.

ಸಂಜೆ ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನಮ್ಮ ಹಳೆಯ ವಿದ್ಯಾರ್ಥಿಯ ಬಳಿಗೆ ಹೋದೆವು. ಎಸ್ಸೆಸ್ಸೆಲ್ಸಿಯ ಮೇಲೆ ಐಟಿಐ ಮಾಡಿ, ಹತ್ತು ವರ್ಷ ಗಲ್ಫಿನಲ್ಲಿ ದುಡಿದು ಬಂದವನು. ಶಾಲೆಯಲ್ಲಿ ಗಣಿತಕ್ಕೆ ನಮ್ಮಿಂದ ಬೈಸಿಕೊಂಡವನೂ ಹೌದು. ನಮ್ಮ ಕತೆ ಕೇಳಿ, ‘ನೀವು ಅಲ್ಲಿ ನಿಂತು ನೋಡ್ತಾ ಇದ್ರಾ ಮಾಸ್ಟ್ರೇ?’ ಎಂದ. ಬೈಗುಳದ ಬಾಕಿ ಅಲ್ಲಿಗೆ ತೀರಿತು.

ಅವನು ಹೇಳಿದ್ದರ ಸಾರ ಇದು. ಹಲ್ಲಿಗಾಗಲಿ ಬಕೆಟಿನ ಕೆಳಗಿನ ಅಂಚಿಗಾಗಲಿ ಸರಪಳಿ ಕಟ್ಟಲೇಬಾರದು. ಒಂದು, ಅದು ಜಾರುತ್ತದೆ. ಎರಡು, ಆ ಅಂಚು ಚೂಪು. ಚೂಪಾದ ಮೂಲೆಯ ಮೇಲೆ ಬಾಗಿದ ಕೊಂಡಿ ತನ್ನ ಪೂರ್ಣ ಬಲ ಕೊಡುವುದಿಲ್ಲ. ಯಂತ್ರ ಮಾಡಿದವರೇ ಎತ್ತುವುದಕ್ಕೆಂದು ಕಿವಿ ಕೊಟ್ಟಿದ್ದರೆ ಅದನ್ನೇ ಉಪಯೋಗಿಸಬೇಕು. ಇಲ್ಲವಾದರೆ ಅವರನ್ನು ವಿಚಾರಿಸಿ, ಆಗಬಹುದೆಂದರೆ ಬಕೆಟಿನ ಮೇಲಿನ ಅಂಚಿಗೆ ಕೊಕ್ಕೆ ಕೂರಿಸಬೇಕು.

ಕೊಕ್ಕೆಯಲ್ಲಿಯೂ ಜಾತಿಗಳಿವೆ. ಬಾಯಿ ಅಗಲವಾಗಿ, ಸರಪಳಿ ಅದರೊಳಗೆ ಹರಿದಾಡುವಂಥದ್ದು ಒಂದು. ಕುಣಿಕೆ ಬಿಗಿಯಲು ಅದು ಬೇಕು. ಬಕೆಟಿನ ಮೇಲೆ ಕೂರಿಸುವುದು ಇನ್ನೊಂದು, ಗ್ರಾಬ್ ಹುಕ್ ಎಂದು ಅಂಗಡಿಯಲ್ಲಿ ಕೇಳಬೇಕು. ಅದರ ಬಾಯಿ ಇಕ್ಕಟ್ಟು. ಒಂದು ಕೊಂಡಿ ನೆಟ್ಟಗೆ ಅದರೊಳಗೆ ಇಳಿದರೆ, ಅದರ ಪಕ್ಕದ ಕೊಂಡಿ ಅಡ್ಡಕ್ಕಿರುವುದರಿಂದ ದಾಟಲಾರದು. ಸರಪಳಿ ಅಲ್ಲೇ ಕಚ್ಚಿ ನಿಲ್ಲುತ್ತದೆ. ಬೇಕಾದ ಕೊಂಡಿಯಲ್ಲಿ ಸಿಕ್ಕಿಸಿ ಸರಪಳಿಯ ಉದ್ದವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಆದರೆ ಕೊಕ್ಕೆಯೂ ಸರಪಳಿಯೂ ಒಂದೇ ಅಳತೆಯದ್ದಾಗಿರಬೇಕು. 8 ಮಿಲಿಮೀಟರಿನ ಕೊಕ್ಕೆಗೆ 10ರ ಸರಪಳಿ ಪೂರ್ತಿ ಕೂರುವುದಿಲ್ಲ. ತುದಿಯಲ್ಲಿ ನಿಂತು ಕೂತ ಹಾಗೆ ಕಾಣಿಸುತ್ತದೆ, ಅಷ್ಟೆ.

ನಾವು ಮೂಲೆಯಲ್ಲಿದ್ದ ಸರಳಿನ ತುಂಡು ತೋರಿಸಿ, ಇದನ್ನೇ ಬಗ್ಗಿಸಿ ಮಾಡಿದರಾಗದೇ ಎಂದು ಕೇಳಿದೆವು. ಅವನು ನಕ್ಕ. ಸ್ಲಾಬಿಗೆ ಹಾಕುವ ಸರಳು ಬಗ್ಗಿಸಿದಲ್ಲೇ ಸೀಳಬಹುದು, ಇಲ್ಲವೆ ಭಾರಕ್ಕೆ ಬಾಯಿ ಬಿಡಬಹುದು. ಸರಪಳಿಯ ತುದಿಯಲ್ಲಿ ಬರುವ ಸಾಧಾರಣ ಕೊಕ್ಕೆಯನ್ನು ತಂದು ಬೆಸೆಯುವುದೂ ತಪ್ಪು. ಅದಕ್ಕೆ ಕುಲುಮೆಯಲ್ಲಿ ಕಾಯಿಸಿ ತಣಿಸಿ ಗಟ್ಟಿತನ ಕೊಟ್ಟಿರುತ್ತಾರೆ. ವೆಲ್ಡಿಂಗಿನ ಬಿಸಿ ಆ ಹದವನ್ನು ಕೆಡಿಸುತ್ತದೆ. ಸರಪಳಿಯ ಕೊಂಡಿಗೆ ವೆಲ್ಡಿಂಗ್ ತಾಗಿಸಬಾರದೆನ್ನುವುದೂ ಇದೇ ಕಾರಣಕ್ಕೆ. ಬೆಸೆಯುವುದಕ್ಕೆಂದೇ ಮಾಡಿದ ಕೊಕ್ಕೆಗಳು ಬೇರೆ ಸಿಗುತ್ತವೆ. ಬೋಲ್ಟು ಹಾಕಿ ಕೂರಿಸುವವೂ ಇವೆ.

ಇನ್ನು ಕೂರಿಸುವ ಬಗೆ. ಬಕೆಟಿನ ಮೇಲಂಚಿನ ತಗಡು ನೋಡಲು ಗಟ್ಟಿ. ಅದರ ನಡುವೆ ಕೊಕ್ಕೆಯನ್ನು ನೇರವಾಗಿ ಬೆಸೆದರೆ ಕೊಕ್ಕೆ ಉಳಿದು ತಗಡು ಹರಿದು ಬರಬಹುದು. ಆದುದರಿಂದ ಮೊದಲು 10 ಅಥವಾ 12 ಮಿಲಿಮೀಟರ್ ದಪ್ಪದ, ಮೂಲೆ ಉರುಟು ಮಾಡಿದ ಒಂದು ಹಲಗೆಯನ್ನು ಬೆಸೆದು, ಅದರ ಮೇಲೆ ಕೊಕ್ಕೆ ಬೆಸೆಯಬೇಕು. ಭಾರ ಆಗ ಅಗಲಕ್ಕೆ ಹಂಚಿಹೋಗುತ್ತದೆ. ಎರಡು ಕೊಕ್ಕೆಯಾದರೆ ಲೋಡರಿನ ಎರಡು ಕೈಗಳ ನೇರಕ್ಕೆ ಒಂದೊಂದು. ತೀರ ಮೂಲೆಯಲ್ಲಿ ಒಂದೇ ಕೊಕ್ಕೆಯಿಂದ ಎತ್ತಿದರೆ ಕೈಗಳು ತಿರುಚಿಕೊಳ್ಳುತ್ತವೆ.

ಬೆಸೆಯುವುದಕ್ಕೆ ಮೊದಲು ಕೊಕ್ಕೆಯನ್ನು ಕ್ಲಾಂಪಿನಿಂದ ಹಿಡಿಸಿ, ಬಕೆಟನ್ನು ಪೂರ್ತಿ ಹಿಂದಕ್ಕೂ ಪೂರ್ತಿ ಮುಂದಕ್ಕೂ ನಿಧಾನವಾಗಿ ತಿರುಗಿಸಿ ನೋಡಬೇಕೆಂದು ಅವನು ಒತ್ತಿ ಹೇಳಿದ. ಹಿಂದಕ್ಕೆ ಬಂದಾಗ ಕೊಕ್ಕೆ ಟ್ರಾಕ್ಟರಿನ ಮೂತಿಗೋ ಕೈಗಳ ಅಡ್ಡ ಪೈಪಿಗೋ ಬಡಿಯಬಾರದು. ಎತ್ತುವಾಗ ಬಕೆಟು ಇರುವ ಭಂಗಿಯಲ್ಲಿ ಸರಪಳಿಯ ಎಳೆತ ಕೊಕ್ಕೆಯ ಹೊಟ್ಟೆಗೆ ನೇರ ಬೀಳಬೇಕು. ಹಲವು ಲೋಡರುಗಳಲ್ಲಿ ಕೈ ಮೇಲೇರಿದಂತೆ ಬಕೆಟು ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅರ್ಧ ಗಂಟೆಯ ಈ ಕೆಲಸವನ್ನು ಬಿಟ್ಟು ಬೆಸೆದವರು ಆಮೇಲೆ ಕತ್ತರಿಸಿ ತೆಗೆಯಲು ಬರುತ್ತಾರಂತೆ.

ವೆಲ್ಡಿಂಗಿನ ವಿಷಯದಲ್ಲಿ ಅವನು ಹೇಳಿದ ಒಂದು ಮಾತು ನಮಗೆ ಹೊಸತು. ಗೇಟು, ಕಿಟಕಿಯ ಸರಳಿಗೆ ಬಳಸುವ ರಾಡು ಬೇರೆ, ಇದಕ್ಕೆ ಬೇಕಾದ್ದು ಬೇರೆ: 7018 ಎಂಬ ಸಂಖ್ಯೆಯ, ಹೈಡ್ರೋಜನ್ ಕಡಿಮೆ ಇರುವ ರಾಡು. ಆ ರಾಡಿನ ಹೊರಪದರ ಗಾಳಿಯ ಪಸೆಯನ್ನು ಹೀರುತ್ತದೆ. ಪಸೆ ಹೀರಿದ ರಾಡಿನಿಂದ ಬೆಸೆದರೆ ಹೈಡ್ರೋಜನ್ ಬೆಸುಗೆಯೊಳಗೆ ಸೇರಿ, ಆಗ ಏನೂ ಕಾಣಿಸದೆ, ಗಂಟೆಗಳ ಮೇಲೆ, ಕೆಲವೊಮ್ಮೆ ಮರುದಿನ, ಕೂದಲೆಳೆಯ ಬಿರುಕು ಬಿಡುತ್ತದೆ. ನಮ್ಮ ಆಟಿ ತಿಂಗಳಲ್ಲಿ ಹಪ್ಪಳದ ಡಬ್ಬಿಯೇ ಮೆತ್ತಗಾಗುವಾಗ ರಾಡು ಹೇಗೆ ಗರಿಗರಿಯಾಗಿ ಇರುತ್ತದೆ? ಅವನ ಅಂಗಡಿಯಲ್ಲಿ ರಾಡು ಬಿಸಿ ಮಾಡಿ ಇಡುವ ಪೆಟ್ಟಿಗೆಯೊಂದಿದೆ. ಊರಿನ ಎಲ್ಲ ಅಂಗಡಿಗಳಲ್ಲಿ ಅದು ಇರಲಾರದು. ಕೊಕ್ಕೆ ಹಾಕಿಸುವವರು ಅದೊಂದನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಬಣ್ಣ, ಗ್ರೀಸು, ತುಕ್ಕು ಕೆರೆದು ಬೆಳ್ಳಗೆ ಮಾಡಬೇಕು. ಬಕೆಟು ನೆಲಕ್ಕಿಳಿದಿರಬೇಕು, ಎಂಜಿನು ನಿಂತಿರಬೇಕು, ಬ್ಯಾಟರಿಯ ತಂತಿ ಬಿಚ್ಚಿರಬೇಕು. ಅರ್ತಿನ ಕ್ಲಾಂಪನ್ನು ಬೆಸೆಯುವಲ್ಲಿಯೇ, ಬಕೆಟಿಗೇ ಹಿಡಿಸಬೇಕು. ಟ್ರಾಕ್ಟರಿನ ಬೆನ್ನಿಗೆ ಹಿಡಿಸಿದರೆ ಕರೆಂಟು ಪಿನ್ನು, ಬುಶ್ಶು, ಸಿಲಿಂಡರುಗಳ ಮೂಲಕ ಹಾದು ಅವನ್ನು ಸುಡುತ್ತದೆ. ಎಣ್ಣೆಯ ಹೋಸುಗಳಿಗೆ ಕಿಡಿ ತಾಗದಂತೆ ಮುಚ್ಚಬೇಕು. ಬೆಸುಗೆ ತಾನಾಗಿ ತಣಿಯಬೇಕು, ನೀರು ಹೊಯ್ಯಬಾರದು.

ಸರಪಳಿಯನ್ನೂ ಅವನೇ ಆರಿಸಿಕೊಟ್ಟ. ಎತ್ತುವುದಕ್ಕೆ ಯೋಗ್ಯವಾದ ಸರಪಳಿಗೆ ಗ್ರೇಡ್ 80 ಎಂದು ಹೆಸರು; ಕೊಂಡಿಯ ಮೇಲೆ 8 ಅಥವಾ 80 ಎಂದು ಅಲ್ಲಲ್ಲಿ ಒತ್ತಿರುತ್ತದೆ. 10 ಮಿಲಿಮೀಟರಿನ ಅಂಥ ಸರಪಳಿಯ ಒಂದು ಎಳೆ 3.15 ಟನ್ ಹೊರಬಹುದು. ಅದು ಮುರಿಯುವ ಭಾರವಲ್ಲ, ನಾಲ್ಕು ಪಟ್ಟು ಅಂತರವಿಟ್ಟು ಹೇಳಿದ ಭಾರ. ಗೇಟಿಗೆ ಹಾಕುವ ಗುರುತಿಲ್ಲದ ಸರಪಳಿ ಅಷ್ಟೇ ದಪ್ಪವಿದ್ದರೂ ಅದರ ಅರ್ಧದ ಬಲವೂ ಇರಲಾರದು. ಅದು ಎತ್ತುವುದಕ್ಕೆ ಮಾಡಿದ್ದಲ್ಲ.

ಗಿಡ್ಡ ಸರಪಳಿಯ ತಪ್ಪನ್ನು ಹತ್ತನೆಯ ತರಗತಿಯ ತ್ರಿಕೋನಮಿತಿಯಿಂದ ತಿಳಿಯಬಹುದು. 325 ಕಿಲೋದ ರಿಂಗನ್ನು ಎರಡು ಕಾಲುಗಳು ನೆಟ್ಟಗೆ ಹಿಡಿದರೆ ಒಂದೊಂದಕ್ಕೆ ಸುಮಾರು 163 ಕಿಲೋ. ಕಾಲುಗಳು ನೆಲದ ಮಟ್ಟಕ್ಕೆ 60 ಡಿಗ್ರಿಯಾದರೆ 188. 30 ಡಿಗ್ರಿಯಾದರೆ ಒಂದೊಂದಕ್ಕೂ ಪೂರ್ತಿ 325. ನಮ್ಮ ಬಾವಿಯ ಬಳಿ ಇದ್ದ ಹಾಗೆ 15 ಡಿಗ್ರಿಗೆ ಇಳಿದರೆ ಒಂದೊಂದಕ್ಕೂ 628 ಕಿಲೋ! ಸೈನ್ ಕೋಷ್ಟಕ ಬಾಯಿಪಾಠ ಮಾಡಿಸಿದ ಮಾಸ್ತರರಿಗೆ ಸರಪಳಿ ಗಿಡ್ಡವಾದದ್ದು ಕಣ್ಣೆದುರಿಗೇ ಇದ್ದರೂ ತಲೆಗೆ ಹೊಳೆಯಲಿಲ್ಲ.

ಎತ್ತುವ ಕ್ರಮವೂ ಅಷ್ಟೇ ಮುಖ್ಯ. ಲೋಡರಿನ ಪುಸ್ತಕದಲ್ಲಿ ಇಂತಿಷ್ಟು ಕಿಲೋ ಎತ್ತುತ್ತದೆಂದು ಬರೆದಿರುವುದು ಹೆಚ್ಚಾಗಿ ಬಕೆಟಿನ ಪಿನ್ನಿನಲ್ಲಿ ಅಳೆದದ್ದು. ಭಾರ ಅದರಿಂದ ಮುಂದೆ ತೂಗಿದಷ್ಟೂ ಸಾಮರ್ಥ್ಯ ಕುಗ್ಗುತ್ತದೆ. ಟ್ರಾಕ್ಟರಿನ ಹಿಂಭಾಗಕ್ಕೆ ತೂಕ ಕಟ್ಟದಿದ್ದರೆ ಹಿಂದಿನ ಚಕ್ರ ಏಳುತ್ತದೆ. ಭಾರವನ್ನು ನೆಲಕ್ಕೆ ಸಮೀಪವಾಗಿಯೇ ಒಯ್ಯಬೇಕು. ನಮ್ಮ ಇಳಿಜಾರು ಗುಡ್ಡೆಗಳಲ್ಲಿ ಎತ್ತರಕ್ಕೆ ಹಿಡಿದುಕೊಂಡು ಅಡ್ಡ ತಿರುಗಿದರೆ ಮಗುಚುವುದು ಖಂಡಿತ ಎನ್ನಬೇಕು. ತೂಗುವ ಭಾರ ಓಲಾಡದಂತೆ ಉದ್ದ ಹಗ್ಗವೊಂದನ್ನು ಕಟ್ಟಿ ದೂರದಿಂದ ಹಿಡಿಯಬೇಕು, ಕೈಯಿಂದ ಮುಟ್ಟಬಾರದು. ಮರದ ಬೇರು ಕೀಳಲು ಈ ಕೊಕ್ಕೆ ಬಳಸುವುದಂತೂ ಬೇಡವೇ ಬೇಡ; ಎಳೆಯುವ ಕೆಲಸ ಟ್ರಾಕ್ಟರಿನ ಹಿಂದಿನ, ತಗ್ಗಿನ ಕೊಂಡಿಯದ್ದು.

ಇಲ್ಲಿ ಇನ್ನೊಂದು ಸಂಗತಿ. ಕೊಕ್ಕೆಯ ಜೊತೆ ಬಂದ ಚೀಟಿ ಇಂಗ್ಲಿಷಿನಲ್ಲಿತ್ತು. ಯಂತ್ರದ ಮೇಲಿನ ಎಚ್ಚರಿಕೆಯೂ ಇಂಗ್ಲಿಷಿನಲ್ಲಿ. ಸರಪಳಿ ನಮಗೆ ಸರಪಳಿ, ಆಚೆಮನೆಯವರಿಗೆ ಚಂಗಲ. ಕೊಕ್ಕೆ ಅವರಿಗೆ ಕೊಳುತ್ತು. ಚಾಲಕನ ಮಾತು ತಮಿಳು, ಮಣ್ಣು ಹೊರುವವರ ಮಾತು ಹಿಂದಿ. ಐದು ಭಾಷೆ ನಿಂತಿರುವ ಬಾವಿಕಟ್ಟೆಯಲ್ಲಿ ಆ ದಿನ ಎಲ್ಲರಿಗೂ ತಿಳಿದ ಶಬ್ದ ‘ಸಾಕು’ ಒಂದೇ ಆಗಿತ್ತು! ಅಂಗಡಿಯ ಗೋಡೆಗೆ ಹಚ್ಚಲು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಿ ಎಂದು ನಮ್ಮ ಶಿಷ್ಯ ಕೇಳಿದ. ಬರೆದುಕೊಟ್ಟೆವು. ಶಾಲೆಯ ಮಲಯಾಳ ಪಂಡಿತರು ಮಲಯಾಳದಲ್ಲಿಯೂ ಹಿಂದಿ ಟೀಚರು ಹಿಂದಿಯಲ್ಲಿಯೂ ಬರೆದರು. ತಮಿಳಿನದ್ದನ್ನು ಆ ಚಾಲಕನೇ ಬರೆದ. ‘ಭಾರದ ಕೆಳಗೆ ಯಾರೂ ನಿಲ್ಲಬಾರದು’ ಎಂಬುದರ ಅಡಿಗೆ ಅವನು ಎರಡು ಗೆರೆ ಎಳೆದಿದ್ದಾನೆ.

ಹದಿನೈದು ದಿನ ಕಳೆದು ಅದೇ ಲೋಡರು, ಅದರ ಯಜಮಾನರ ಒಪ್ಪಿಗೆಯಿಂದ ಎರಡು ಕೊಕ್ಕೆ ಕೂರಿಸಿಕೊಂಡು ಬಂತು. ಕೊಕ್ಕೆಗೂ ಬೆಸುಗೆಗೂ ಬಿಳಿ ಬಣ್ಣ ಬಳಿದಿತ್ತು. ಬಿರುಕು ಬಿಟ್ಟರೆ ತುಕ್ಕಿನ ಗೆರೆ ಎದ್ದು ಕಾಣಲೆಂದು. ಉಳಿದ ರಿಂಗುಗಳು ಒಂದೊಂದಾಗಿ ಇಳಿದವು. ನಮ್ಮ ಹಿರಿಯರು ಹಗ್ಗದ ತುದಿ ಹಿಡಿದು ಹದಿನೈದು ಅಡಿ ದೂರದಲ್ಲಿ ನಿಂತಿದ್ದರು. ನಾವು ಸ್ವಲ್ಪ ಹತ್ತಿರ ಹೋದಾಗ, ‘ಮಾಸ್ಟ್ರೇ, ಹಿಂದೆ ಬನ್ನಿ’ ಎಂದರು. ಹಿಂದೆ ಬಂದೆವು.